ಗಿರಣಿಯ ಮೇಲೆ ಬೇಗಡೆ

ಬಸವೇಶ್ವರನಗರದ ಆ ಮನೆಯಲ್ಲಿ ಕೆಳಗೆ ಹಿಟ್ಟಿನ ಗಿರಣಿ, ಮೇಲೆ ಸಂಗೀತ. ಮೊದಲು ಬಂದದ್ದು ಗಿರಣಿ. ಮುನಿತಾಯಮ್ಮನ ಯಜಮಾನರು ಅದನ್ನು ಹಾಕಿಸಿದಾಗ ಮೇಲಿನ ಮಹಡಿ ಇನ್ನೂ ಕಬ್ಬಿಣದ ಕಂಬಿಗಳಾಗಿ ಆಕಾಶ ನೋಡುತ್ತ ನಿಂತಿತ್ತು. ರಾಗಿಣಿ ಬಾಡಿಗೆಗೆ ಮನೆ ನೋಡಲು ಬಂದ ದಿನವೇ ಮುನಿತಾಯಮ್ಮ ಸೆರಗಿನ ಹಿಟ್ಟು ಕೊಡವುತ್ತ ಒಪ್ಪಂದ ಮುಗಿಸಿದ್ದರು: “ನೀನು ಹಾಡ್ಕೊ, ನಾನು ಬೀಸ್ಕೊತೀನಿ. ನಿನ್ನ ಸದ್ದಿನ ಸುದ್ದಿಗೆ ನಾನು ಬರಲ್ಲ, ನನ್ನ ಸದ್ದಿನ ಸುದ್ದಿಗೆ ನೀನು ಬರ್ಬೇಡ.”

ಇಬ್ಬರೂ ಮಾತಿಗೆ ತಪ್ಪಲಿಲ್ಲ. ಸಂಜೆ ಬಡಾವಣೆಯ ಮಕ್ಕಳು ಬಂದು ಸರಳೆ ವರಸೆಯನ್ನು ಕೂಗಿ ಹೋಗುತ್ತಿದ್ದರು; ಕೆಳಗೆ ಅಕ್ಕಿ, ರಾಗಿ, ಮೆಣಸಿನಕಾಯಿ ತಮ್ಮ ಪಾಡಿಗೆ ಪುಡಿಯಾಗುತ್ತಿದ್ದವು. ಕಷ್ಟ ಇದ್ದದ್ದು ಬುಧವಾರ ಮತ್ತು ಶುಕ್ರವಾರ ಬೆಳಗ್ಗೆ ಮಾತ್ರ. ಆಗ ರಾಗಿಣಿ ಪಾಠ ಹೇಳುವವಳಲ್ಲ, ಹೇಳಿಸಿಕೊಳ್ಳುವವಳು.

ಅವಳ ಗುರುಗಳು ಕಿಟ್ಟಿ ಮೇಷ್ಟ್ರು. ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟು ನಿವೃತ್ತರಾದವರು, ಮನೆಯಲ್ಲಿ ಸಂಗೀತ ಹೇಳಿಕೊಟ್ಟು ನಿವೃತ್ತರಾಗದವರು. ಅವರು ರಾಜಾಜಿನಗರದಲ್ಲಿದ್ದಷ್ಟು ಕಾಲ ರಾಗಿಣಿ ನಡೆದೇ ಹೋಗುತ್ತಿದ್ದಳು. ಅವರು ಕೆಂಗೇರಿ ಉಪನಗರಕ್ಕೆ ಹೋದ ಮೇಲೆ ಪಾಠ ಫೋನಿಗೆ ಬಂತು. ಮೇಷ್ಟ್ರು ಫೋನನ್ನು ಸ್ಪೀಕರಿಗೆ ಹಾಕಿ, ಸದ್ದು ಹೆಚ್ಚಲೆಂದು ಸ್ಟೀಲ್ ಪಾತ್ರೆಯೊಳಗೆ ನಿಲ್ಲಿಸಿ, ಪಾತ್ರೆಯ ಎದುರು ಪದ್ಮಾಸನ ಹಾಕಿ ಕೂರುತ್ತಿದ್ದರು.

ಕಳೆದ ಕೆಲವು ತಿಂಗಳಿಂದ ಬೇಗಡೆ ನಡೆಯುತ್ತಿತ್ತು. ಬೇಗಡೆ ವಿಚಿತ್ರ ರಾಗ. ಅದರ ನಿಷಾದ, ಆ ‘ನಿ’ ಸ್ವರ, ಇರಬೇಕಾದಲ್ಲಿ ಇರುವುದಿಲ್ಲ. ಮೇಲಿನ ಮನೆಗೂ ಹತ್ತದೆ, ಕೆಳಗಿನ ಮನೆಗೂ ಇಳಿಯದೆ, ನಡುವೆ ಮೆಟ್ಟಿಲ ಮೇಲೆ ಕೂತಿರುತ್ತದೆ. ಹಾರ್ಮೋನಿಯಂನಲ್ಲಿ ಸಿಗುವುದಿಲ್ಲ, ಪುಸ್ತಕದಲ್ಲಿ ಸಿಗುವುದಿಲ್ಲ. ಯಾರಾದರೂ ಎದುರು ಕೂತು, ನೀವು ಹಾಡಿದ್ದನ್ನು ಕೇಳಿ, ‘ಅಲ್ಲ’ ಎನ್ನಬೇಕು. ಮತ್ತೆ ಹಾಡಿದರೆ ಮತ್ತೆ ‘ಅಲ್ಲ’ ಎನ್ನಬೇಕು. ಹಾಗೆ ಬೇಸರವಿಲ್ಲದೆ ‘ಅಲ್ಲ’ ಎನ್ನಬಲ್ಲವರು ಊರಿನಲ್ಲಿ ಹೆಚ್ಚು ಉಳಿದಿರಲಿಲ್ಲ. ಮೇಷ್ಟ್ರಿಗೆ ಎಂಬತ್ತು ಹತ್ತಿರವಾಗಿತ್ತು. ಆ ನಿಷಾದ ಇವರಿಂದ ಬರದಿದ್ದರೆ ಇನ್ನೆಲ್ಲಿಂದಲೂ ಬರುವುದಿಲ್ಲ ಎಂದು ರಾಗಿಣಿಗೆ ಗೊತ್ತಿತ್ತು. ಅವರಿಗೂ ಗೊತ್ತಿತ್ತು.

“ಅದೇನಮ್ಮ ಹಿಂದ್ಗಡೆ, ಲಾರಿ ನಿಲ್ಸಿದ್ದಾರಾ?” ಎಂದರು ಒಂದು ಬುಧವಾರ.

“ಗಿರಣಿ ಸಾರ್. ಯಾವಾಗ್ಲೂ ಇರೋದೇ.”

“ಈಚೆಗೆ ಬೆಲ್ಟ್ ಏನಾದ್ರೂ ಬದಲಾಯಿಸಿದ್ರಾ? ನಿನ್ನ ಷಡ್ಜಕ್ಕಿಂತ ಒಂದು ಚೂರು ಕೆಳಗೆ ಹಾಡ್ತಿದೆ ಅದು. ನೀನು ಪಾಪ, ಅದನ್ನ ಒಂಟಿಯಾಗಿ ಬಿಡ್ಬಾರ್ದು ಅಂತ ಅದರ ಜೊತೆ ಹೋಗ್ತಿದೀಯ.”

ಬೆಲ್ಟ್ ಬದಲಾಗಿದ್ದು ನಿಜ.

“ನೋಡು, ಮುಂದಿನ ವಾರದಿಂದ ಆ ಸದ್ದು ನನ್ನ ಪಾತ್ರೆ ಒಳಗೆ ಬರ್ಬಾರ್ದು. ಬಂದ್ರೆ ಪಾಠ ಇಲ್ಲ.”

ಮುನಿತಾಯಮ್ಮನನ್ನು ಕೇಳುವಂತಿಲ್ಲ, ಒಪ್ಪಂದ ಒಪ್ಪಂದವೇ. ಬೇರೆ ಹೊತ್ತೂ ಇಲ್ಲ. ಮಧ್ಯಾಹ್ನ ಮೇಷ್ಟ್ರು ಮಲಗುತ್ತಾರೆ, ಸಂಜೆ ಮಕ್ಕಳು ಬರುತ್ತಾರೆ. ಹೀಗಾಗಿ ವಿಷಯ ಮೈದುನ ಸಮರ್ಥನ ಕೈಗೆ ಹೋಯಿತು.

ಸಮರ್ಥ ಹಿಂದಿನ ರೂಮಿನಲ್ಲಿ ಕೂತು ಒಂದು ಬ್ಯಾಂಕಿನ ಆ್ಯಪನ್ನು ಪರೀಕ್ಷೆ ಮಾಡುವ ಕೆಲಸದವನು. ಇಡ್ಲಿ ಹಿಟ್ಟಿನ ಪ್ಯಾಕೆಟ್ಟಿಗೂ ರಿವ್ಯೂ ಓದುವ ಜಾತಿ. ಎರಡೇ ದಿನದಲ್ಲಿ ಮೂರು ಜೊತೆ ಇಯರ್‌ಬಡ್ ತಂದು ಊಟದ ಮೇಜಿನ ಮೇಲೆ ಸಾಲಾಗಿ ಇಟ್ಟ. ಕಪ್ಪು ಬಣ್ಣದ್ದು ಅವನ ಮ್ಯಾನೇಜರನದು, ದುಬಾರಿ, ಎರವಲು ತಂದದ್ದು. ಬಿಳಿಯದು ಅವನದೇ. ನೀಲಿಯದನ್ನು ವಿಜಯನಗರ ಬಸ್ ಸ್ಟ್ಯಾಂಡ್ ಎದುರು ಫುಟ್‌ಪಾತಿನಲ್ಲಿ, ಚಾರ್ಜರು ಸಾಕ್ಸುಗಳ ನಡುವೆ ಕೊಂಡದ್ದು. ಕಂಪನಿಯ ಹೆಸರನ್ನು ಡಬ್ಬಿಯ ಎರಡು ಬದಿಯಲ್ಲಿ ಎರಡು ಥರ ಬರೆದಿತ್ತು.

“ನೀಲಿ ಯಾಕೋ ತಂದೆ?”

“ಕಂಪೇರ್ ಮಾಡೋಕೆ ಒಂದು ಕೆಟ್ಟದ್ದು ಬೇಕಲ್ಲ ಅತ್ತಿಗೆ.”

ಮೊದಲು ಧ್ವನಿಯ ಗುಣ. ಒಂದು ಹಳೆಯ ಸಂಗೀತ ಕಚೇರಿಯ ರೆಕಾರ್ಡಿಂಗ್ ಹಾಕಿ ಮೂರರಲ್ಲೂ ಕೇಳಿಸಿದ. ರಾಗಿಣಿ ಕಪ್ಪನ್ನು ಕಿವಿಗಿಟ್ಟು ಹುಬ್ಬು ಗಂಟಿಕ್ಕಿದಳು. “ಮೃದಂಗದ ಎಡಗೈ ಜಾಸ್ತಿ ಆಯ್ತು ಕಣೋ. ಹಾಡೋರು ಮೃದಂಗದೋರ ಬೆನ್ನ ಹಿಂದೆ ಕೂತಿದ್ದಾರೆ.”

“ಅದು ಬೇಸ್ ಅತ್ತಿಗೆ. ಜನ ಅದಕ್ಕೇ ದುಡ್ಡು ಕೊಡೋದು.”

ಬಿಳಿಯದನ್ನು ಹಾಕಿದಳು. “ಪಿಟೀಲಿಗೆ ನೆಗಡಿ ಆಗಿದೆ.”

ನೀಲಿಯದನ್ನು ಹಾಕಿ ತಲೆ ಓರೆ ಮಾಡಿ ಕೇಳಿದಳು. “ಇದು ತಗಡಿನ ಡಬ್ಬ. ಆದ್ರೆ ಡಬ್ಬದೊಳಗೆ ಎಲ್ರೂ ಅವರವರ ಜಾಗದಲ್ಲಿ ಕೂತಿದ್ದಾರಪ್ಪ.”

ಸಮರ್ಥ ನೀಲಿಗೆ ಮೂರನೇ ಸ್ಥಾನ ಕೊಟ್ಟ.

ಆಮೇಲೆ ಮುಖ್ಯ ವಿಷಯ. “ನಾಯ್ಸ್ ಕ್ಯಾನ್ಸಲಿಂಗ್‌ನಲ್ಲಿ ಎರಡು ಥರ ಅತ್ತಿಗೆ. ಒಂದು, ಹೊರಗಿನ ಗಲಾಟೆ ನಿಮ್ಮ ಕಿವಿಗೆ ಬೀಳದ ಹಾಗೆ ಮಾಡೋದು. ಇನ್ನೊಂದು, ನಿಮ್ಮ ಹಿಂದಿನ ಗಲಾಟೆ ಆ ಕಡೆಯವರಿಗೆ ಹೋಗದ ಹಾಗೆ ಮಾಡೋದು. ಜನ ಮೊದಲನೇದನ್ನ ನೋಡಿ ತಗೋತಾರೆ, ಬೈಸ್ಕೊಳೋದು ಎರಡನೇದಕ್ಕೆ. ನಮಗೆ ಬೇಕಾಗಿರೋದೂ ಎರಡನೇದೇ.”

ಅವನು ಫೋನ್ ಹಿಡಿದು ತಾರಸಿಗೆ ಹೋಗಿ ನೀರಿನ ಟ್ಯಾಂಕಿನ ಪಕ್ಕ ನಿಲ್ಲುವುದು, ಅವಳು ನಡುಮನೆಯಿಂದ ಕರೆ ಮಾಡುವುದು ಎಂದು ತೀರ್ಮಾನವಾಯಿತು. ಕೆಳಗೆ ಗಿರಣಿ ಪೂರ್ಣ ಕಂಠದಲ್ಲಿತ್ತು. ಮೆಟ್ಟಿಲು ಹತ್ತುವ ಮುಂಚೆ ಸಮರ್ಥ ತಿರುಗಿ ನೋಡಿದ. “ಆ ತಂಬೂರಿ ಆರಿಸಿ ಅತ್ತಿಗೆ. ಟೆಸ್ಟ್ ಮಾಡುವಾಗ ಒಂದೇ ಸದ್ದು ಇರ್ಬೇಕು. ಎರಡಿದ್ರೆ ಡಿಸ್ಟರ್ಬ್ ಆಗುತ್ತೆ.”

ಆ ಎಲೆಕ್ಟ್ರಾನಿಕ್ ತಂಬೂರಿ ಬೆಳಗ್ಗೆ ಹಾಲು ಕಾಯಿಸುವಾಗ ಶುರುವಾದರೆ ರಾತ್ರಿ ಮೊಸರಿಗೆ ಹೆಪ್ಪು ಹಾಕುವವರೆಗೆ ನಿಲ್ಲುತ್ತಿರಲಿಲ್ಲ. ರಾಗಿಣಿ ಸ್ನಾನಕ್ಕೆ ಹೋಗುವಾಗಲೂ ಅದನ್ನು ಆರಿಸಿದವಳಲ್ಲ. ಆದರೆ ಪರೀಕ್ಷೆ ನ್ಯಾಯವಾಗಿರಬೇಕು. ಆರಿಸಿದಳು.

“ಹಾಡ್ಲಾ?” ಎಂದು ಫೋನಿನಲ್ಲಿ ಕೇಳಿದಳು.

“ಬೇಡ, ಮಾತಾಡಿ. ಎಲ್ಲಾ ರಿವ್ಯೂಗಳಲ್ಲೂ ಮಾತೇ ಆಡೋದು.”

ಅವಳು ಪೇಪರಿನಿಂದ ವಿದ್ಯುತ್ ವ್ಯತ್ಯಯದ ಬಡಾವಣೆಗಳ ಪಟ್ಟಿಯನ್ನು ಮೂರು ಸಲ ಓದಿದಳು. ನೀಲಿಯಲ್ಲಿ ಗಿರಣಿಯೇ ಪಟ್ಟಿ ಓದಿದಂತಿತ್ತು. ಬಿಳಿಯಲ್ಲಿ ಗಿರಣಿ ಪಕ್ಕದ ಬೀದಿಗೆ ಹೋಯಿತು. ಕಪ್ಪಿನಲ್ಲಿ ಮಾತ್ರ ಸಮರ್ಥ ತಾರಸಿಯಿಂದಲೇ ಕಿರುಚಿದ: “ಗಿರಣಿ ಇಲ್ಲವೇ ಇಲ್ಲ ಅತ್ತಿಗೆ! ಕ್ಲೀನ್! ಸ್ಟುಡಿಯೋ ಥರ!”

ಬುಧವಾರ ರಾಗಿಣಿ ಕಪ್ಪು ಬಡ್ಡನ್ನು ಎಡಗಿವಿಗೆ ಹಾಕಿಕೊಂಡಳು. ಬಲಗಿವಿಯನ್ನು ತಂಬೂರಿಗೆ ಬಿಟ್ಟಳು. ಹಾಡುವವರ ಅಭ್ಯಾಸ ಅದು.

“ಭೇಷ್! ಎಲ್ಲಿ ಹೋಯ್ತಮ್ಮ ಗಿರಣಿ?” ಎಂದರು ಮೇಷ್ಟ್ರು.

“ಇಲ್ಲೇ ಇದೆ ಸಾರ್. ನಿಮ್ಮ ತನಕ ಬರ್ತಿಲ್ಲ, ಅಷ್ಟೆ.”

“ಬಹಳ ಒಳ್ಳೇದು. ತಂಬೂರಿ ಹಾಕ್ಕೊ.”

“ಹಾಕಿದೀನಿ ಸಾರ್.”

“ಹಾಕ್ಕೊ ಅಂದೆ.”

“ಹಾಕಿದೀನಿ ಸಾರ್. ಪಕ್ಕದಲ್ಲೇ ಇದೆ.” ಅವಳು ತಂಬೂರಿಯನ್ನು ಮಡಿಲಿಗೇ ಎಳೆದುಕೊಂಡು ಸದ್ದು ಹೆಚ್ಚಿಸಿದಳು.

“ಹಾಂ, ಈಗ ಬಂತು... ಯಾಕೆ ಆರಿಸಿದೆ?”

“ಆರಿಸಿಲ್ಲ ಸಾರ್!”

ಅವರು ನಂಬಲಿಲ್ಲ. ಹಾಡಿದಾಗ ಇನ್ನೊಂದು ದೂರು. ಸ್ವರವನ್ನು ಹಿಡಿದು ನಿಲ್ಲಿಸಬೇಕಾದ ಕಡೆ ಅವಳು ಎದೆ ತುಂಬ ಉಸಿರು ಎಳೆದು ನಿಲ್ಲಿಸಿದರೆ, ಮೇಷ್ಟ್ರು “ಯಾಕೆ ಬಿಟ್ಬಿಟ್ಟೆ?” ಎನ್ನುತ್ತಿದ್ದರು. ಅವಳಿನ್ನೂ ಬಿಟ್ಟೇ ಇರಲಿಲ್ಲ.

ಶುಕ್ರವಾರ ಅದೇ ಕತೆ. ಪಾಠ ಅರ್ಧಕ್ಕೆ ಬರುವ ಮುಂಚೆ ಮೇಷ್ಟ್ರ ದನಿ ತಣ್ಣಗಾಯಿತು. ಅವರು ರೇಗಿದರೆ ಭಯವಿರಲಿಲ್ಲ, ತಣ್ಣಗಾದರೆ ಇತ್ತು.

“ಸ್ವರ ಹಿಡಿಯೋಕೆ ಉಸಿರಿಲ್ಲ. ತಂಬೂರಿ ಹಾಕೋಕೆ ಮನಸ್ಸಿಲ್ಲ. ಕೇಳಿದ್ರೆ ಹಾಕಿದೀನಿ ಅಂತೀಯ. ಬೇಗಡೆಯ ನಿಷಾದ ಎಲ್ಲಿದೆ ಅಂತ ನಾನು ಹೇಳ್ಬೇಕಾದ್ರೆ ಷಡ್ಜ ಎಲ್ಲಿದೆ ಅಂತ ತಂಬೂರಿಯಿಂದ ನನಗೆ ಗೊತ್ತಾಗ್ಬೇಕಲ್ಲಮ್ಮ? ಸಾಕು. ಮುಂದಿನ ವಾರ ಫೋನ್ ಮಾಡ್ಬೇಡ.”

ಅವರು ಕರೆ ಮುಗಿಸಿದ ಮೇಲೂ ತಂಬೂರಿ ರಾಗಿಣಿಯ ಮಡಿಲಲ್ಲಿ ನುಡಿಯುತ್ತಲೇ ಇತ್ತು. ಶ್ರುತಿಯಿಲ್ಲದೆ ಹಾಡಿದೆ ಎಂದದ್ದನ್ನು ಸಹಿಸಬಹುದಿತ್ತು. ಅದರ ಮೇಲೆ ಸುಳ್ಳೂ ಹೇಳಿದೆ ಎಂದಿದ್ದರು.

“ವಯಸ್ಸಾಯ್ತಲ್ಲ ಅತ್ತಿಗೆ,” ಎಂದ ಸಮರ್ಥ ಬಾಗಿಲಲ್ಲಿ ನಿಂತು, ಆದಷ್ಟು ಮೆತ್ತಗೆ. “ಪಾತ್ರೆ ಒಳಗೆ ಫೋನ್ ಇಟ್ಕೊಂಡು ಕೇಳ್ತಾರೆ ಅಂದ್ರೆ... ಕಿವಿ ಡಾಕ್ಟರ್‌ಗೆ ತೋರಿಸ್ಬೇಕು ಅನ್ಸುತ್ತೆ.”

ಇದು ರಾಗಿಣಿಗೂ ಹೊಳೆದಿತ್ತು, ಹೊಳೆದದ್ದಕ್ಕೆ ನಾಚಿಕೆಯೂ ಆಗಿತ್ತು. ಕಿವಿ ಹೋಗಿದ್ದರೆ ಪಾಠವೂ ಹೋಯಿತು. ಹೋಗಿರದಿದ್ದರೆ ಅವರು ಕೇಳಿದ್ದೇನು? ಫೋನ್ ಮಾಡಬೇಡ ಎಂದಿದ್ದರೇ ಹೊರತು ಬರಬೇಡ ಎಂದಿರಲಿಲ್ಲ. ಸೋಮವಾರ ತಂಬೂರಿಯನ್ನು ಟವಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿದಳು. ಸಮರ್ಥ ಮೂರೂ ಬಡ್‌ಗಳನ್ನು ಚಾರ್ಜ್ ಮಾಡಿ ಅದೇ ಚೀಲಕ್ಕೆ ತುರುಕಿದ.

ಸ್ಕೂಟರ್ ತೆಗೆಯುವಾಗ ಮುನಿತಾಯಮ್ಮ ಗಿರಣಿಯ ಬಾಗಿಲಿಗೆ ಬಂದರು. “ಏನಮ್ಮ, ಶುಕ್ರವಾರದಿಂದ ಮೇಲೆ ಉಸಿರೇ ಇಲ್ಲ? ಬರೀ ನನ್ನ ಸದ್ದು ನಾನೇ ಕೇಳ್ಕೊಂಡು ತಲೆ ಚಿಟ್ಟು ಹಿಡೀತು.”

ವಿಜಯನಗರದಲ್ಲಿ ಸ್ಕೂಟರ್ ನಿಲ್ಲಿಸಿ ಮೆಟ್ರೊ ಹತ್ತಿದಳು. ಕೂರಲು ಜಾಗ ಸಿಕ್ಕಿತು. ಕಪ್ಪು ಬಡ್‌ಗಳನ್ನು ಎರಡೂ ಕಿವಿಗೆ ಹಾಕಿ ಕಣ್ಣು ಮುಚ್ಚಿದಳು. ರೈಲು ಹೋಯಿತು, ಅಂದರೆ ರೈಲಿನ ಸದ್ದು ಹೋಯಿತು. ಎಸಿಯ ಮೊರೆತವೂ ಹೋಯಿತು. ಆದರೆ ಎದುರು ನಿಂತಿದ್ದ ಹುಡುಗರ ಮಾತು ಮೊದಲಿಗಿಂತ ಸ್ಪಷ್ಟವಾಗಿ ಬಂತು.

“ಮಗಾ, ಅವಳು ರಿಪ್ಲೈ ಮಾಡಿಲ್ಲ ಅಂದ್ರೆ ಬಿಜಿ ಅಂತ ಅರ್ಥ.”

“ನಾಲ್ಕು ತಿಂಗಳಿಂದ ಬಿಜಿನಾ ಗುರು?”

ಅಷ್ಟು ದೊಡ್ಡ ರೈಲನ್ನು ನುಂಗಿದ್ದು ಇಷ್ಟು ಸಣ್ಣ ಮಾತನ್ನು ಬಿಟ್ಟಿದೆಯಲ್ಲ ಎಂದು ರಾಗಿಣಿಗೆ ಅನ್ನಿಸಿತು. ಯಾವ ಆಧಾರದ ಮೇಲೆ ಬಿಟ್ಟಿದೆ ಎಂದು ಯೋಚಿಸುವಷ್ಟರಲ್ಲಿ ಕೆಂಗೇರಿ ಬಂತು.

ಬಾಗಿಲು ತೆಗೆದವರು ಮೇಷ್ಟ್ರ ಹೆಂಡತಿ ಸೀತಮ್ಮ. ಮೇಷ್ಟ್ರು ಪೇಪರಿನಿಂದ ತಲೆ ಎತ್ತಲಿಲ್ಲ. ರಾಗಿಣಿ ಅಡುಗೆಮನೆಗೆ ಹೋಗಿ, ಸೀತಮ್ಮನ ಕಿವಿಯ ಹತ್ತಿರ ಬಾಗಿ, ತನಗೇ ಕೇಳಿಸದಷ್ಟು ಸಣ್ಣಗೆ ಕೇಳಿದಳು: “ಆಂಟಿ, ಸಾರ್‌ಗೆ ಈಗೀಗ ಕಿವಿ ಏನಾದ್ರೂ...”

“ಕಿವಿ ಚೆನ್ನಾಗೇ ಇದೆ,” ಎಂದಿತು ಹಾಲ್‌ನಿಂದ ದನಿ. “ನಿನ್ನ ಬಳೆ ಒಂದು ಬಿರುಕು ಬಿಟ್ಟಿದೆ, ಅದೂ ಕೇಳಿಸ್ತಿದೆ.”

ರಾಗಿಣಿ ಕೈ ನೋಡಿಕೊಂಡಳು. ಹಸಿರು ಬಳೆಯಲ್ಲಿ ಕೂದಲಿನಂಥ ಗೆರೆ.

“ಅವರಿಗೆ ಬೇಡದ್ದೆಲ್ಲ ಕೇಳಿಸುತ್ತಮ್ಮ,” ಎಂದರು ಸೀತಮ್ಮ. “ತರಕಾರಿ ತನ್ನಿ ಅನ್ನೋದೊಂದು ಕೇಳಿಸಲ್ಲ.”

ರಾಗಿಣಿ ಹಾಲ್‌ಗೆ ಬಂದು, ಅಪ್ಪಣೆ ಕೇಳದೆ ತಂಬೂರಿ ಬಿಚ್ಚಿ, ಎದುರು ಕೂತು ಹಾಡಿದಳು. ಮೇಷ್ಟ್ರು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದೇ ಕೇಳಿದರು. ಸ್ವರ ನಿಂತಲ್ಲಿ ನಿಂತಿತು, ಉಸಿರು ತುದಿಯವರೆಗೆ ಬಂತು. ಪೇಪರ್ ಮೆಲ್ಲಗೆ ಕೆಳಗಿಳಿಯಿತು.

“ಶುಕ್ರವಾರ ಹಾಡಿದ್ದು ಯಾರು?” ಎಂದರು.

“ನಾನೇ ಸಾರ್. ಹೀಗೇ ಹಾಡಿದ್ದು. ಈ ತಂಬೂರಿನೇ ಇದ್ದಿದ್ದು.”

ಮೇಷ್ಟ್ರು ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿದರು. ಲೆಕ್ಕದ ಮೇಷ್ಟ್ರು ಎಚ್ಚರಗೊಂಡಾಗ ಅವರು ಹಾಗೆ ಮಾಡುತ್ತಿದ್ದರು. “ನೀನು ಸುಳ್ಳು ಹೇಳಿಲ್ಲ. ನನ್ನ ಕಿವಿನೂ ಸುಳ್ಳು ಹೇಳಿಲ್ಲ. ಹಾಗಾದ್ರೆ ಮಧ್ಯೆ ಇನ್ನೊಬ್ಬ ಇದ್ದಾನೆ. ಯಾರವನು?”

ರಾಗಿಣಿ ಚೀಲದಿಂದ ಕಪ್ಪು ಡಬ್ಬಿ ತೆಗೆದು, ಒಂದು ಬಡ್ಡನ್ನು ಅವರ ಅಂಗೈಯಲ್ಲಿಟ್ಟಳು. ಅವರು ಅದನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. “ಹುಣಸೆಬೀಜದಷ್ಟಿದೆಯಲ್ಲೇ. ಇದನ್ನ ಹಾಕ್ಕೊಂಡು ಹಿತ್ತಿಲಿಗೆ ಹೋಗು. ನನಗೆ ಫೋನ್ ಮಾಡು. ಹಾಡ್ಬೇಡ. ಬರೀ ತಂಬೂರಿ.”

ಬಟ್ಟೆ ಒಗೆಯುವ ಕಲ್ಲಿನ ಮೇಲೆ ತಂಬೂರಿಯಿಟ್ಟು ರಾಗಿಣಿ ಕರೆ ಮಾಡಿದಳು. ಫೋನ್ ಪಾತ್ರೆಗೆ ಇಳಿದ ಸದ್ದು ಕೇಳಿಸಿತು. ಆಮೇಲೆ ಮೇಷ್ಟ್ರ ವೀಕ್ಷಕ ವಿವರಣೆ.

“ಬಂತು... ಇದೆ... ಇದೆ... ಕರಗ್ತಾ ಇದೆ... ಹೋಯ್ತು! ಅಯ್ಯೋ, ಇನ್ನೊಂದ್ಸಲ!”

ಆರಿಸಿ ಹಾಕಿದಳು. ಬಂತು, ಕರಗಿತು, ಹೋಯಿತು.

“ಸೀತಾ, ಆ ಮಿಕ್ಸಿ ಹಿತ್ತಿಲಿಗೆ ತಗೊಂಡ್ಹೋಗು!”

“ಮಿಕ್ಸಿನಾ? ಏನು ರುಬ್ಬಲಿ?”

“ಏನೂ ಬೇಡ, ಬರೀ ತಿರುಗಿಸು!”

ನೀರಿನ ಮೋಟಾರಿನ ಪಕ್ಕದ ಪ್ಲಗ್ಗಿಗೆ ಸಿಕ್ಕಿಸಿದ ಮಿಕ್ಸಿಯೂ ಬಂತು, ಕರಗಿತು, ಹೋಯಿತು. “ಇದರ ಲೆಕ್ಕದಲ್ಲಿ ತಂಬೂರಿ, ಮಿಕ್ಸಿ ಅಣ್ಣತಮ್ಮಂದಿರು!” ಎಂದು ಮೇಷ್ಟ್ರು ಒಳಗಿನಿಂದ ಕೂಗಿದರು. ಅವರ ದನಿಯಲ್ಲಿ ಶುಕ್ರವಾರದ ತಣುಪಿನ ಸುಳಿವೇ ಇರಲಿಲ್ಲ. “ಈಗ ಷಡ್ಜ ಹಿಡಿ. ಅಲುಗಿಸ್ಬೇಡ... ಹೋಗ್ತಿದೆ... ಈಗ ಒಂದು ಗಮಕ ಹಾಕು... ಹಾಂ, ವಾಪಸ್ ಬಂದೆ! ನೋಡಿದ್ಯಾ ಕಳ್ಳ! ಅಲುಗಿದ್ರೆ ಮಾತು ಅಂತ ಬಿಡ್ತಾನೆ, ನಿಂತ್ರೆ ಸದ್ದು ಅಂತ ತಿಂತಾನೆ!”

ರಾಗಿಣಿ ಒಳಗೆ ಬಂದು ಪರೀಕ್ಷೆಯ ಕತೆ ಹೇಳಿದಳು. ಸಮರ್ಥನಿಗೂ ಫೋನ್ ಹೋಯಿತು. ಅವನು ಒಂದು ಕ್ಷಣ ಯೋಚಿಸಿ, ಆಫೀಸಿನ ದನಿಯಲ್ಲಿ ವಿವರಿಸಿದ: “ಸಾರ್, ಒಂದೇ ಸಮ ಬರ್ತಾ ಇರೋದನ್ನೆಲ್ಲ ಅದು ನಾಯ್ಸ್ ಅಂದ್ಕೊಳುತ್ತೆ.”

“ಒಂದೇ ಸಮ ಬರ್ಲಿ ಅಂತ ತಾನೇ ಅಪ್ಪ ತಂಬೂರಿ ಇಟ್ಕೊಳೋದು! ನೀವು ಪರೀಕ್ಷೆ ಮಾಡಿದ್ರಂತಲ್ಲ, ಆಗ ತಂಬೂರಿ ಹೋಗಿದ್ದು ಗೊತ್ತಾಗ್ಲಿಲ್ವಾ?”

ಬಸವೇಶ್ವರನಗರದ ಆಫೀಸಿನ ದನಿ ಸಣ್ಣಗಾಯಿತು.

“ಆರಿಸಿದ್ವಿ ಸಾರ್.”

“ಯಾಕೆ?”

“ಡಿಸ್ಟರ್ಬ್ ಆಗುತ್ತೆ ಅಂತ.”

ಮೇಷ್ಟ್ರು ನಿಧಾನವಾಗಿ ರಾಗಿಣಿಯ ಕಡೆ ತಿರುಗಿದರು. “ಅವನಿಗೆ ಗೊತ್ತಿಲ್ಲ, ಬಿಡು. ನೀನೂ ಒಪ್ಕೊಂಡ್ಯಾ?”

“ಹೂಂ ಸಾರ್.”

“ಇಪ್ಪತ್ತು ವರ್ಷ ಹೇಳ್ಕೊಟ್ಟೆ ಸೀತಾ ನಾನು,” ಎಂದರು ಮೇಷ್ಟ್ರು ಹೆಂಡತಿಗೆ. ನಗುತ್ತಿದ್ದರೋ ಅಳುತ್ತಿದ್ದರೋ ಮೊದಲು ತಿಳಿಯಲಿಲ್ಲ. ಭುಜ ಅಲುಗತೊಡಗಿದ ಮೇಲೆ ನಗು ಎಂದು ಖಾತ್ರಿಯಾಯಿತು. ಶುಕ್ರವಾರದ ಮಾತಿಗೆ ಅವರು ಕ್ಷಮೆ ಕೇಳಲಿಲ್ಲ. ಎದ್ದು ಹೋಗಿ ಅವಳಿಗೆ ಕಾಫಿ ತಾವೇ ತಂದುಕೊಟ್ಟರು. ಸೀತಮ್ಮ ಅದನ್ನು ಅಚ್ಚರಿಯಿಂದ ನೋಡಿದರು.

ಮೇಷ್ಟ್ರು ಮಧ್ಯಾಹ್ನದ ನಿದ್ದೆ ಬಿಟ್ಟು ಉಳಿದೆರಡು ಜೊತೆ ಬಡ್‌ಗಳನ್ನೂ ನೋಡಿದರು. ಬಿಳಿಯದು ತಂಬೂರಿಯ ಮಂದ್ರವನ್ನು ತಿಂದು ಮೇಲಿನ ಕೆನೆಯನ್ನಷ್ಟೆ ಬಿಟ್ಟಿತು. ನೀಲಿಯದು ಏನನ್ನೂ ತಿನ್ನಲಿಲ್ಲ. ತಂಬೂರಿ, ಮಿಕ್ಸಿ, ಒಗೆಯುವ ಕಲ್ಲಿನ ಮೇಲೆ ಕೂತ ಕಾಗೆ, ಪಕ್ಕದ ಮನೆಯವರ ಜಗಳ, ಎಲ್ಲವನ್ನೂ ತಂದು ಪಾತ್ರೆಗೆ ಸುರಿಯಿತು.

“ಇದು ಪ್ರಾಮಾಣಿಕ,” ಎಂದರು ಮೇಷ್ಟ್ರು.

“ಆದ್ರೆ ಸಾರ್, ಇದರಲ್ಲಿ ಗಿರಣಿನೂ ಬರುತ್ತೆ.”

ಮೇಷ್ಟ್ರ ಮುಖದಲ್ಲಿ ಸಂತೋಷ ಒಂದು ಮೆಟ್ಟಿಲು ಇಳಿಯಿತು. ಅವರು ಹೇಳಿದ ಷರತ್ತು ಅವರಿಗೆ ನೆನಪಿತ್ತು. ಶ್ರುತಿ ಬೇಕಾದರೆ ಗಿರಣಿಯನ್ನೂ ಒಳಗೆ ಬಿಡಬೇಕು. ಗಿರಣಿ ಬೇಡವೆಂದರೆ ಬೇಗಡೆ ಇಲ್ಲಿಗೇ ನಿಲ್ಲಬೇಕು. ಅವರು ಬಹಳ ಹೊತ್ತು ನೀಲಿ ಬಡ್ಡನ್ನು ಬೆರಳಲ್ಲಿ ಉರುಳಿಸಿದರು.

“ಅದು ನಿನ್ನನ್ನ ಕೆಳಗೆ ಎಳೆಯುತ್ತೆ,” ಎಂದರು ಕೊನೆಗೆ. “ಎಳೀಲಿ. ನನಗೆ ತಂಬೂರಿ ಕೇಳಿಸಿದ್ರೆ, ನೀನು ಎಷ್ಟು ಜಾರಿದೆ ಅಂತ ಹೇಳಬಲ್ಲೆ. ಜಾರದೆ ಇರೋ ಕಷ್ಟ ನಿಂದು. ಬುಧವಾರ ಫೋನ್ ಮಾಡು.”

ಬುಧವಾರ ಕೆಳಗೆ ರಾಗಿ ಬೀಸುತ್ತಿದ್ದರು. ಅದು ಗಿರಣಿಯ ಅತ್ಯಂತ ದಪ್ಪ ದನಿ. ರಾಗಿಣಿ ನೀಲಿ ಬಡ್ಡನ್ನು ಎಡಗಿವಿಗೆ ಹಾಕಿ, ತಂಬೂರಿಯನ್ನು ಬಲಗಡೆ ಇಟ್ಟು ಕರೆ ಮಾಡಿದಳು. ಸಮರ್ಥ ತನ್ನ ರೂಮಿನ ಬಾಗಿಲು ಅರ್ಧ ತೆರೆದುಕೊಂಡು ಕೂತಿದ್ದ. ಕೆಟ್ಟದ್ದು ಗೆದ್ದದ್ದು ಅವನಿಗಿನ್ನೂ ಜೀರ್ಣವಾಗಿರಲಿಲ್ಲ.

“ಗಿರಣಿ ಬಂತು,” ಎಂದರು ಮೇಷ್ಟ್ರು. “ತಂಬೂರಿನೂ ಬಂತು. ಹಾಡು.”

ಹಾಡಿದಳು. ಮೂರನೇ ಸಂಚಾರದಲ್ಲಿ ನೆಲದ ಕಡೆಯಿಂದ ಯಾರೋ ಸೆರಗು ಹಿಡಿದು ಜಗ್ಗಿದಂತಾಯಿತು.

“ಹೋದೆ, ಗಿರಣಿ ಜೊತೆ ಹೋದೆ. ವಾಪಸ್ ಬಾ.”

ಬಂದಳು. ಷಡ್ಜವನ್ನು ಹಿಡಿದು ನಿಲ್ಲಿಸಿದಳು. ಅದು ಕೊನೆಯವರೆಗೂ ಕೆಂಗೇರಿ ತಲುಪಿತು ಎಂಬುದು ಆ ಕಡೆಯ ಮೌನದಿಂದ ತಿಳಿಯಿತು. ಅಲ್ಲಿಂದ ಮೇಲಕ್ಕೆ ಹತ್ತಿ ನಿಷಾದವನ್ನು ಮುಟ್ಟಿದಳು.

“ಅಲ್ಲ,” ಎಂದರು ಮೇಷ್ಟ್ರು.

ಎರಡು ವಾರದಿಂದ ಆ ಮಾತು ಕೇಳಿರಲಿಲ್ಲ. ರಾಗಿಣಿ ಮತ್ತೆ ಮುಟ್ಟಿದಳು.

“ಅಲ್ಲ. ಇನ್ನೂ ಒಂದು ಕೂದಲೆಳೆ ಕೆಳಗೆ. ಮತ್ತೆ.”